ಪರದೆ ಇನ್ನೂ ಗಟ್ಟಿ, ಸಾಫ್ಟ್‌ವೇರ್ ಮಾತ್ರ ಸುಸ್ತು: 43 ಇಂಚಿನ ಸ್ಮಾರ್ಟ್ ಟಿವಿ ಜೊತೆ ಇಷ್ಟು ವರ್ಷ

2019ರ ದೀಪಾವಳಿ ಆಫರ್‌ನಲ್ಲಿ ಕೊಂಡ 43 ಇಂಚಿನ ಆಂಡ್ರಾಯ್ಡ್ ಟಿವಿ ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ. ದಿನಾ ಸಂಜೆ ಓಡುತ್ತದೆ. ಟಿವಿ ಬಗ್ಗೆ ಆನ್‌ಲೈನ್‌ನಲ್ಲಿ ಸಿಗುವ ವಿಮರ್ಶೆಗಳೆಲ್ಲ ಹೆಚ್ಚಾಗಿ ಮೊದಲ ವಾರದಲ್ಲಿ ಬರೆದವು. ಡೆಲಿವರಿ ಬೇಗ ಬಂತು, ಪಿಕ್ಚರ್ ಸೂಪರ್, 5 ಸ್ಟಾರ್. ಆದರೆ ಟಿವಿ ಏಳೆಂಟು ವರ್ಷ ಮನೆಯಲ್ಲಿ ಇರಬೇಕಾದ ವಸ್ತು ಅಲ್ವಾ? ಅದರ ನಿಜವಾದ ಗುಣ ಗೊತ್ತಾಗುವುದು ವಾರಂಟಿ ಮುಗಿದ ಮೇಲೆ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಬೆಲೆಯ ಬೇರೆ ಬೇರೆ ಕಂಪನಿಯ ಟಿವಿಗಳು ನಮ್ಮ ನೆಂಟರ ಮನೆಗಳಲ್ಲೂ ಇವೆ. ದೂರು ಎಲ್ಲ ಕಡೆ ಒಂದೇ. ಪರದೆಗೆ ಏನೂ ಆಗಿಲ್ಲ, ಒಳಗಿನ ಸಾಫ್ಟ್‌ವೇರ್ ಮಾತ್ರ ಎರಡು ಮೂರು ವರ್ಷಕ್ಕೇ ಮುದಿಯಾಗಿದೆ. ನಾವು ದುಡ್ಡು ಕೊಡುವುದು ಎರಡಕ್ಕೂ ಸೇರಿಸಿ. ಬಾಳಿಕೆ ಬರುವುದು ಒಂದೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಚಿತ್ರ ಈಗಲೂ ಚೆನ್ನಾಗಿದೆ. ಪ್ಯಾನೆಲ್ ಅಂದರೆ ಚಿತ್ರ ಮೂಡುವ ಪರದೆ. ವಿಎ, ಐಪಿಎಸ್ ಅಂತ ಅದರಲ್ಲಿ ಬೇರೆ ಬೇರೆ ಬಗೆ ಇವೆ, ಇದರಲ್ಲಿ ಇರುವುದು ವಿಎ. ರಾತ್ರಿ ದೃಶ್ಯಗಳಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗದೆ ಕಪ್ಪಾಗಿಯೇ ಕಾಣುತ್ತದೆ. ಐಪಿಎಸ್ ಪ್ಯಾನೆಲ್ ಆದರೆ ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ, ಆದರೆ ಕಪ್ಪು ಇಷ್ಟು ಗಾಢವಾಗಿ ಬರುವುದಿಲ್ಲ. ನಮ್ಮ ಹಾಲ್‌ನಲ್ಲಿ ಎಲ್ಲರೂ ಟಿವಿಗೆ ಎದುರಾಗಿಯೇ ಕೂರುತ್ತೇವೆ, ಆದ್ದರಿಂದ ವಿಎ ಸರಿಹೋಯಿತು. ಉದ್ದನೆಯ ಹಾಲ್ ಇದ್ದು, ಮದುವೆ ಮನೆ ತರ ನಾಲ್ಕೂ ಕಡೆ ಜನ ಕೂರುವವರು ಐಪಿಎಸ್ ನೋಡುವುದು ಮೇಲು.

ಧ್ವನಿ ಸುಮಾರು. ಇಷ್ಟು ತೆಳ್ಳಗಿನ ಟಿವಿಯಲ್ಲಿ ಒಳ್ಳೆ ಸ್ಪೀಕರ್ ಕೂರಿಸಲು ಜಾಗವೇ ಇರುವುದಿಲ್ಲ. ಸುದ್ದಿ, ಧಾರಾವಾಹಿಗೆ ಸಾಕು. ಸಿನಿಮಾದಲ್ಲಿ ಮಾತು ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಹಾಡು ಕಿವಿಗೆ ಬಡಿಯುತ್ತದೆ.

ಚಿತ್ರದ ವಿಷಯದಲ್ಲಿ ಒಂದು ಮುಖ್ಯ ಮಾತಿದೆ. ಹೊಸ ಟಿವಿಯಲ್ಲಿ ಸಿನಿಮಾ ನೋಡುವಾಗ ಯಾಕೋ ಎಲ್ಲವೂ ಧಾರಾವಾಹಿ ತರ ಕಾಣುತ್ತಿದೆ, ನಟರು ಜಾರಿಕೊಂಡು ನಡೆದಂತೆ ಕಾಣುತ್ತಿದ್ದಾರೆ ಅನ್ನಿಸಿದರೆ ನಿಮ್ಮ ಕಣ್ಣಿನಲ್ಲಿ ದೋಷವಿಲ್ಲ. ಸಿನಿಮಾದಲ್ಲಿ ಇರುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಮಧ್ಯದ ಖಾಲಿ ಜಾಗಕ್ಕೆ ಟಿವಿ ತಾನೇ ಹೊಸ ಫ್ರೇಮ್ ಕಟ್ಟಿ ತುಂಬಿಸುತ್ತದೆ. ಇದಕ್ಕೆ ಮೋಶನ್ ಸ್ಮೂದಿಂಗ್ ಅನ್ನುತ್ತಾರೆ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಕ್ರಿಕೆಟ್‌ಗೆ ಪರವಾಗಿಲ್ಲ. ಸಿನಿಮಾ ಕೆಡುತ್ತದೆ. 2018ರ ಡಿಸೆಂಬರ್‌ನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿ ಅಂತ ವಿಡಿಯೊ ಮಾಡಿ ಜನರಲ್ಲಿ ಕೇಳಿಕೊಂಡಿದ್ದರು. ಮರುವರ್ಷ, ಇದನ್ನು ತಾನೇ ಆಫ್ ಮಾಡುವ ‘ಫಿಲ್ಮ್‌ಮೇಕರ್ ಮೋಡ್’ ಅನ್ನುವ ಸೆಟ್ಟಿಂಗ್ ಕೂಡ ಘೋಷಣೆಯಾಯಿತು. ನಿಮ್ಮ ಟಿವಿಯಲ್ಲಿ ಅದು ಇಲ್ಲದಿದ್ದರೆ ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ‘ಸಿನಿಮಾ’ ಅಥವಾ ‘ಮೂವಿ’ ಆರಿಸಿ, ಮೋಶನ್ ಅನ್ನುವ ಹೆಸರಿನಲ್ಲಿ ಏನೇ ಇದ್ದರೂ ಆಫ್ ಮಾಡಿ. ಚಿತ್ರ ಸ್ವಲ್ಪ ಹಳದಿ ಅನ್ನಿಸುತ್ತದೆ. ಒಂದೆರಡು ದಿನ ನೋಡಿ, ಕಣ್ಣು ಹೊಂದಿಕೊಳ್ಳುತ್ತದೆ.

ಇನ್ನು ಸಂಕಟದ ಭಾಗ.

ನಮ್ಮ ಟಿವಿಯ ಸ್ಟೋರೇಜ್ 8 ಜಿಬಿ, ರ‍್ಯಾಮ್ 1.5 ಜಿಬಿ. ಆಂಡ್ರಾಯ್ಡ್ ತಾನು ತಿಂದು ಉಳಿಸುವುದು ಸುಮಾರು ಅರ್ಧದಷ್ಟು ಸ್ಟೋರೇಜ್. ಅಂಗಡಿಯಲ್ಲಿ ಇದು ಸಾಕು ಅನ್ನಿಸುತ್ತದೆ. ಆದರೆ ಆಪ್‌ಗಳು ಪ್ರತಿ ವರ್ಷ ದಪ್ಪ ಆಗುತ್ತಾ ಹೋಗುತ್ತವೆ, ಟಿವಿಯ ಚಿಪ್ ಮಾತ್ರ ಕೊಂಡ ದಿನ ಇದ್ದಷ್ಟೇ ಇರುತ್ತದೆ. ಫೋನ್ ಆದರೆ ನಾಲ್ಕು ವರ್ಷಕ್ಕೆ ಬದಲಾಯಿಸುತ್ತೇವೆ. 43 ಇಂಚಿನ ಟಿವಿಯನ್ನು ಹಾಗೆ ಬದಲಾಯಿಸುವ ಮನೆ ಎಷ್ಟಿದೆ?

ಇದರಿಂದ ಜಾಸ್ತಿ ಕಷ್ಟಪಟ್ಟಿದ್ದು ನಮ್ಮ ಅಮ್ಮ. ಸಂಜೆ ಅವರ ಧಾರಾವಾಹಿ ಹೊತ್ತಿಗೆ ಟಿವಿ ಆನ್ ಮಾಡುತ್ತಾರೆ. ಲೋಗೋ ಬರುತ್ತದೆ, ಹೋಗುತ್ತದೆ. ಆಮೇಲೆ ಅರ್ಧ ಪರದೆ ತುಂಬುವಷ್ಟು ದೊಡ್ಡ ಪೋಸ್ಟರ್, ಯಾವುದೋ ಹಿಂದಿ ವೆಬ್ ಸರಣಿಯದು. ಅಮ್ಮನಿಗೆ ಬೇಕಾದ್ದು ಸೆಟ್ ಟಾಪ್ ಬಾಕ್ಸ್. ಅದು ಇನ್‌ಪುಟ್ಸ್ ಅನ್ನುವ ಗುಂಡಿಯ ಒಳಗೆ ಅಡಗಿದೆ. ಅವರು ಗುಂಡಿ ಒತ್ತುತ್ತಾರೆ. ಟಿವಿ ಸುಮ್ನೆ ಕೂತಿರುತ್ತದೆ. ತಾನು ಸರಿಯಾಗಿ ಒತ್ತಲಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತುತ್ತಾರೆ. ಆಗ ಟಿವಿಗೆ ಎಚ್ಚರವಾಗಿ ಎರಡೂ ಒತ್ತನ್ನು ಒಟ್ಟಿಗೆ ತಗೊಳ್ಳುತ್ತದೆ, ಬೇರೆ ಯಾವುದೋ ಆಪ್ ತೆರೆದುಕೊಳ್ಳುತ್ತದೆ. ಧಾರಾವಾಹಿಯ ಮೊದಲ ದೃಶ್ಯ ಅಷ್ಟರಲ್ಲಿ ಮುಗಿದಿರುತ್ತದೆ. ‘ನನಗೆ ಈ ಟಿವಿ ಹಾಕೋಕೆ ಬರಲ್ಲ ಕಣೋ’ ಅಂತ ಅವರು ರಿಮೋಟ್ ನನ್ನ ಕೈಗೆ ಕೊಟ್ಟಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅವರಿಗೆ ಬರಲ್ಲ ಅನ್ನುವುದು ಸುಳ್ಳು. ಹಳೇ ಡಬ್ಬಾ ಟಿವಿಯನ್ನು ಅವರು ಕಣ್ಣು ಮುಚ್ಚಿ ಹಾಕುತ್ತಿದ್ದರು.

ರಿಮೋಟ್ ಇನ್ನೊಂದು ತಲೆನೋವು. ನಂಬರ್ ಗುಂಡಿಗಳೇ ಇಲ್ಲ. ಆ ಜಾಗದಲ್ಲಿ ಒಟಿಟಿ ಕಂಪನಿಗಳ ಹೆಸರಿನ ಗುಂಡಿಗಳಿವೆ. ಅವು ಅಲ್ಲಿ ಇರುವುದು ಆ ಕಂಪನಿಗಳು ದುಡ್ಡು ಕೊಟ್ಟಿರುವುದರಿಂದ, ನಮಗೆ ಬೇಕು ಅಂತ ಅಲ್ಲ. ಅದರಲ್ಲಿ ಒಂದಕ್ಕೂ ನಮ್ಮ ಮನೆಯಲ್ಲಿ ಚಂದಾ ಇಲ್ಲ. ವಾಲ್ಯೂಮ್ ಪಕ್ಕದಲ್ಲೇ ಇರುವುದರಿಂದ ಹೆಬ್ಬೆರಳು ಅದರ ಮೇಲೇ ಬೀಳುತ್ತದೆ. ನೋಡುತ್ತಿದ್ದ ಚಾನೆಲ್ ಹೋಗಿ ಲಾಗಿನ್ ಪುಟ ಬರುತ್ತದೆ. ಆ ಗುಂಡಿಗಳನ್ನು ಆಫ್ ಮಾಡುವ ದಾರಿ ನನ್ನ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಇಲ್ಲವೇ ಇಲ್ಲ.

ಜಾಹೀರಾತಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಪೂರ್ತಿ ದುಡ್ಡು ಕೊಟ್ಟು ಕೊಂಡ ಟಿವಿಯ ಮೊದಲ ಪುಟ ನನ್ನದಾಗಿರಬೇಕು. ಕೊಂಡಾಗ ಈ ಟಿವಿಯಲ್ಲಿ ಅಷ್ಟು ದೊಡ್ಡ ಪೋಸ್ಟರ್ ಇರಲೇ ಇಲ್ಲ. ಒಂದು ರಾತ್ರಿ ಅಪ್‌ಡೇಟ್ ಆಯಿತು, ಬೆಳಿಗ್ಗೆ ಮೊದಲ ಪುಟದ ಅರ್ಧ ಜಾಗ ಕೈತಪ್ಪಿತ್ತು. ಕೊಂಡ ಮೇಲೆ ವಸ್ತುವನ್ನು ಹೀಗೆ ಬದಲಾಯಿಸುವುದು ಸರಿಯಲ್ಲ. ಭದ್ರತೆಗೆ ಬೇಕಾದ ಅಪ್‌ಡೇಟ್ ಬರುವುದು ಬೇಗ ನಿಂತಿತು, ಪೋಸ್ಟರ್ ಬರುವುದು ಮಾತ್ರ ನಿಲ್ಲಲಿಲ್ಲ.

ನಾವು ನೋಡುವುದನ್ನು ಟಿವಿಯೂ ನೋಡುತ್ತದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಕೆಲವು ಸ್ಮಾರ್ಟ್ ಟಿವಿಗಳಲ್ಲಿ ಎಸಿಆರ್ ಅನ್ನುವ ವ್ಯವಸ್ಥೆ ಇರುತ್ತದೆ. ಪರದೆ ಮೇಲೆ ಮೂಡುವ ಚಿತ್ರದ ಗುರುತನ್ನು ಆಗಾಗ ಹಿಡಿದು ಸರ್ವರ್‌ಗೆ ಕಳಿಸುತ್ತದೆ. ನೀವು ಯಾವ ಕಾರ್ಯಕ್ರಮ ನೋಡುತ್ತಿದ್ದೀರಿ ಅಂತ ಅಲ್ಲಿ ಗೊತ್ತಾಗುತ್ತದೆ. ಸೆಟ್ ಟಾಪ್ ಬಾಕ್ಸ್‌ನಿಂದ ಬರುವ ಚಿತ್ರವನ್ನೂ ಅದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಲ್ಲಿ ಬಳಕೆದಾರರ ಒಪ್ಪಿಗೆ ಇಲ್ಲದೆ ಹೀಗೆ ಮಾಹಿತಿ ತೆಗೆದುಕೊಂಡಿದೆ ಅನ್ನುವ ಪ್ರಕರಣದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ನಿಮ್ಮ ಟಿವಿಯ ಪ್ರೈವೆಸಿ ಪುಟ ಒಮ್ಮೆ ತೆಗೆದು ನೋಡಿ. ‘ವ್ಯೂಯಿಂಗ್ ಇನ್ಫರ್ಮೇಶನ್’, ‘ಆಡ್ಸ್ ಪರ್ಸನಲೈಸೇಶನ್’ ಅಂತ ಏನಾದರೂ ಆನ್ ಆಗಿದ್ದರೆ ಆಫ್ ಮಾಡಿ. ಮೊದಲ ಸಲ ಟಿವಿ ಹಾಕಿದಾಗ ಇನ್‌ಸ್ಟಾಲ್ ಮಾಡಲು ಬಂದ ಹುಡುಗ ಎಲ್ಲದಕ್ಕೂ ಟಕಟಕ ಅಂತ ‘ಅಕ್ಸೆಪ್ಟ್’ ಒತ್ತಿ ಹೋಗಿರುತ್ತಾನೆ. ಅದು ನಿಮ್ಮ ಒಪ್ಪಿಗೆ ಅಂತಲೇ ಲೆಕ್ಕ.

ಐಪಿಎಲ್ ಸಮಯದಲ್ಲಿ ಆಪ್‌ನಲ್ಲಿ ಮ್ಯಾಚ್ ನೋಡುವವರಿಗೆ ಒಂದು ಮಾತು. ಸ್ಟ್ರೀಮಿಂಗ್ ಡಿಟಿಎಚ್‌ಗಿಂತ ಹಿಂದೆ ಇರುತ್ತದೆ. ನಮ್ಮ ಬೌಲರ್ ಓಡಿ ಬರುವಷ್ಟರಲ್ಲಿ ಪಕ್ಕದ ಮನೆಯವರು ‘ಔಟ್’ ಅಂತ ಕೂಗಿರುತ್ತಾರೆ. ಇದು ಟಿವಿಯ ತಪ್ಪಲ್ಲ. ಇಂಟರ್ನೆಟ್ ಮೇಲೆ ವಿಡಿಯೊವನ್ನು ತುಂಡು ತುಂಡಾಗಿ ಕಳಿಸುತ್ತಾರೆ, ಕೆಲವು ತುಂಡು ಮುಂಚೆಯೇ ಬಂದು ಕೂತ ಮೇಲೆ ಆಟ ಶುರುವಾಗುತ್ತದೆ. ಕೊನೇ ಓವರ್‌ಗಳಿಗೆ ನಾವು ಡಿಟಿಎಚ್‌ಗೇ ಹೋಗುತ್ತೇವೆ.

ಮಧ್ಯೆ ಒಮ್ಮೆ ದೊಡ್ಡ ರಿಪೇರಿಯೂ ಬಂತು. ಒಂದು ದಿನ ಧ್ವನಿ ಬರುತ್ತಿತ್ತು, ಪರದೆ ಕಪ್ಪು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, ನೋಡುವ ಮೊದಲೇ ‘ಪ್ಯಾನೆಲ್ ಹೋಗಿರಬೇಕು ಸಾರ್, ಹೊಸಾ ಟಿವಿ ತಗೊಳ್ಳೋದೇ ಒಳ್ಳೇದು’ ಅಂದರು. ನಮ್ಮ ಬಡಾವಣೆಯ ಟಿವಿ ಮೆಕ್ಯಾನಿಕ್ ಬಂದು ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದರು. ಬೆಳಕು ಬಿದ್ದ ಕಡೆ ಸುದ್ದಿ ಓದುವವರ ಮುಖ ಮಸುಕಾಗಿ ಓಡಾಡುತ್ತಿತ್ತು. ಅಂದರೆ ಪ್ಯಾನೆಲ್ ಜೀವಂತ ಇದೆ, ಹಿಂದಿನ ಎಲ್‌ಇಡಿ ಬೆಳಕು ಹೋಗಿದೆ. ಎಲ್‌ಇಡಿಗಳನ್ನು ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಸುಟ್ಟರೆ ಇಡೀ ಪಟ್ಟಿ ಆರುತ್ತದೆ, ಕೆಲವು ಸಲ ಟಿವಿಯೇ ಎಲ್ಲ ಪಟ್ಟಿಗಳನ್ನು ಆರಿಸಿಬಿಡುತ್ತದೆ. ಅವರು ಟಿವಿಯನ್ನು ಮಂಚದ ಮೇಲೆ ಹಾಸಿಗೆ ಹಾಕಿ ಮಲಗಿಸಿ, ಪ್ಯಾನೆಲನ್ನು ನಾಲ್ಕು ಕೈಯಲ್ಲಿ ಎತ್ತಿಸಿ, ಪಟ್ಟಿ ಬದಲಾಯಿಸಿದರು. ಹೊಸ ಟಿವಿಯ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಹೋಗುವಾಗ ಅವರು ಹೇಳಿದ ಮಾತು ಪ್ರತಿಯೊಬ್ಬರೂ ಪಾಲಿಸಬೇಕಾದ್ದು: ಬ್ಯಾಕ್‌ಲೈಟ್ 100ರಲ್ಲಿ ಇಡಬೇಡಿ, 50-60 ಸಾಕು. ಅಂಗಡಿಯ ಝಗಝಗ ಬೆಳಕಲ್ಲಿ ಎದ್ದು ಕಾಣಲಿ ಅಂತ ‘ವಿವಿಡ್’ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಮನೆಯಲ್ಲಿ ಅದರ ಅಗತ್ಯ ಇಲ್ಲ. ಎಲ್‌ಇಡಿ ಕಾದಷ್ಟೂ ಬೇಗ ಸಾಯುತ್ತದೆ.

ಅವರಂಥ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇರುವುದಕ್ಕೇ ಎಷ್ಟೋ ಟಿವಿಗಳು ಗುಜರಿಗೆ ಹೋಗದೆ ಉಳಿದಿವೆ. ಕಂಪನಿಗಳು ಬಿಡಿಭಾಗವನ್ನು ಇವರಿಗೂ ಸಿಗುವ ಹಾಗೆ ಮಾಡಿದರೆ ಎಷ್ಟು ಮನೆಗಳಿಗೆ ಉಪಕಾರ ಆಗುತ್ತಿತ್ತು!

ಟಿವಿ ನಿಧಾನ ಆಯಿತು ಅಂತ ನಾನು ಹೊಸದು ತರಲಿಲ್ಲ. ಎಚ್‌ಡಿಎಂಐ ಕಿಂಡಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ತಂದೆ, ಆಪ್ ಓಡಿಸುವ ಪುಟ್ಟ ಸಾಧನ ಅದು. ಟಿವಿಯ ವೈಫೈ ಪೂರ್ತಿ ಕಿತ್ತುಹಾಕಿದೆ. ಈಗ ಅದು ಬರೀ ಪರದೆ. ಆಪ್ ಎಲ್ಲ ಸ್ಟಿಕ್‌ನಲ್ಲಿ. ವ್ಯತ್ಯಾಸ ಮೊದಲ ಸಂಜೆಯೇ ಗೊತ್ತಾಯಿತು, ಗುಂಡಿ ಒತ್ತಿದ ತಕ್ಷಣ ಕರ್ಸರ್ ಓಡುತ್ತದೆ. ಸ್ಟಿಕ್‌ನಲ್ಲೂ ಜಾಹೀರಾತು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸ್ಟಿಕ್ ಹಳತಾದರೆ ಅದನ್ನೊಂದನ್ನೇ ಬದಲಾಯಿಸಬಹುದು. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೇ ಸ್ಯಾಮ್‌ಸಂಗ್, ವಿಜಿಯೊ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ಬರುವುದೇ ನಿಂತಿತ್ತು. ಪರದೆ ಚೆನ್ನಾಗಿದ್ದರೂ ಆಪ್ ಇಲ್ಲ. ಅಂಥ ಟಿವಿಗೂ ಎಚ್‌ಡಿಎಂಐ ಒಂದು ಇದ್ದರೆ ಸಾಕು, ಮತ್ತೆ ಕೆಲಸಕ್ಕೆ ಬರುತ್ತದೆ.

ಸ್ಟಿಕ್ ಹಾಕುವವರು ಅದರ ಕರೆಂಟ್ ವೈರನ್ನು ಟಿವಿಯ ಯುಎಸ್‌ಬಿಗೆ ಚುಚ್ಚಬೇಡಿ. ಅಲ್ಲಿ ಸಿಗುವ ಕರೆಂಟ್ ಸಾಲದೆ ಸ್ಟಿಕ್ ಆಗಾಗ ರೀಸ್ಟಾರ್ಟ್ ಆಗಬಹುದು. ಜೊತೆಗೆ ಬರುವ ಅಡಾಪ್ಟರ್ ಹಾಕಿ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ (ಎಚ್‌ಡಿಎಂಐ ವೈರಿನ ಮೂಲಕವೇ ಒಂದು ಸಾಧನ ಇನ್ನೊಂದನ್ನು ನಡೆಸುವ ವ್ಯವಸ್ಥೆ) ಆನ್ ಮಾಡಿದರೆ ಸ್ಟಿಕ್‌ನ ರಿಮೋಟ್‌ನಿಂದಲೇ ಟಿವಿಯೂ ಆನ್ ಆಗುತ್ತದೆ.

ಅಮ್ಮನಿಗೆ ಮಾಡಿದ ಏರ್ಪಾಡು ಇನ್ನೂ ಸುಲಭದ್ದು. ಟಿವಿ ಆನ್ ಆದಾಗ ಯಾವ ಪುಟ ಬರಬೇಕು ಅನ್ನುವ ಸೆಟ್ಟಿಂಗ್ ನಮ್ಮದರಲ್ಲಿ ಒಳಗೆಲ್ಲೋ ಇತ್ತು. ಅದನ್ನು ‘ಹೋಮ್’ನಿಂದ ಸೆಟ್ ಟಾಪ್ ಬಾಕ್ಸ್ ಇರುವ ಎಚ್‌ಡಿಎಂಐಗೆ ಬದಲಾಯಿಸಿದೆ. ಈಗ ಆನ್ ಮಾಡಿದರೆ ನೇರವಾಗಿ ಚಾನೆಲ್. ಡಿಟಿಎಚ್ ರಿಮೋಟ್‌ನಲ್ಲಿ ನಂಬರ್ ಗುಂಡಿಗಳಿವೆ, ಚಂದನ ಯಾವ ನಂಬರು ಅಂತ ಅವರಿಗೆ ಬಾಯಿಪಾಠ. ಸ್ಮಾರ್ಟ್ ರಿಮೋಟನ್ನು ಷೋಕೇಸ್ ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಮನೆಯಲ್ಲಿ ಹಿರಿಯರು ಇರುವವರು ದಯವಿಟ್ಟು ಇದೊಂದು ಮಾಡಿಕೊಡಿ. ಆಂಡ್ರಾಯ್ಡ್ ಟಿವಿಯ ಹೊಸ ರೂಪವಾದ ಗೂಗಲ್ ಟಿವಿ ಇರುವವರಿಗೆ ‘ಆಪ್ಸ್ ಓನ್ಲಿ’ ಅನ್ನುವ ಮೋಡ್ ಸಿಗುತ್ತದೆ. ಶಿಫಾರಸಿನ ಸಾಲುಗಳು ಹೋಗುತ್ತವೆ, ಆದರೆ ಧ್ವನಿಯಿಂದ ಹುಡುಕುವುದೂ ಹೋಗುತ್ತದೆ. ಟೈಪ್ ಮಾಡಲು ಬಾರದವರಿಗೆ ಅದು ದೊಡ್ಡ ನಷ್ಟ, ಯೋಚಿಸಿ ಮಾಡಿ.

ಈಗ ಕೊಳ್ಳುವವರಿಗೆ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗೆ ಉಳಿದ ದುಡ್ಡನ್ನು ಇನ್ನೂ ದೊಡ್ಡ ಪರದೆಗೆ ಸುರಿಯುವ ಬದಲು ಒಳ್ಳೆ ಪ್ಯಾನೆಲ್‌ಗೆ ಹಾಕಿ. ಅಂಗಡಿಯಲ್ಲಿ ಅವರು ಹಾಕುವ ಹೂವು, ಗಿಳಿಯ 4ಕೆ ಡೆಮೊ ನೋಡಿ ಒಪ್ಪಬೇಡಿ, ಮಾಮೂಲಿ ಕನ್ನಡ ಚಾನೆಲ್ ಹಾಕಿಸಿ. ದಿನಾ ನೋಡುವುದು ಅದನ್ನೇ ತಾನೇ? ರಿಮೋಟ್ ಕೈಗೆ ತಗೊಂಡು ಹೋಮ್ ಗುಂಡಿ ಒತ್ತಿ, ಹೊಸ ಟಿವಿಯೇ ಅಲ್ಲಿ ತಡವರಿಸಿದರೆ ಅದನ್ನು ಅಲ್ಲಿಯೇ ಬಿಡಿ. ಎಚ್‌ಡಿಎಂಐ ಕಿಂಡಿ ಕನಿಷ್ಠ ಮೂರು ಇರಲಿ: ಸೆಟ್ ಟಾಪ್ ಬಾಕ್ಸ್‌ಗೆ ಒಂದು, ಸೌಂಡ್‌ಬಾರ್‌ಗೆ ಒಂದು, ಮುಂದೊಂದು ದಿನ ಬೇಕಾಗಿಯೇ ಆಗುವ ಸ್ಟಿಕ್‌ಗೆ ಒಂದು.

ನನ್ನ ಅಂಕ: ಪರದೆಗೆ 5ಕ್ಕೆ 4. ಧ್ವನಿಗೆ 2. ಸಾಫ್ಟ್‌ವೇರ್‌ಗೆ 1, ಅದೂ ಮೊದಲ ವರ್ಷ ಸರಿಯಾಗಿ ಓಡಿದ್ದಕ್ಕೆ.