ಮಗ್ಗುಲಿನ ಕೊನೆಯ ಐದು ನಿಮಿಷ: ಪ್ರೋಗ್ ರಾಕ್ ಎಲ್‌ಪಿಗೆ ಮೂರು ಸೂಜಿಗಳ ಹೋಲಿಕೆ

ಖ್ಯಾಲ್ ಗಾಯನದ ಎಲ್‌ಪಿ ಕೇಳಿದವರಿಗೆ ಈ ತೊಂದರೆ ಗೊತ್ತಿದ್ದೇ ಇರುತ್ತದೆ. ರೆಕಾರ್ಡಿನ ಅಂಚಿನಲ್ಲಿ ವಿಲಂಬಿತ ನಿರಾಳವಾಗಿ ತೆರೆದುಕೊಳ್ಳುತ್ತದೆ. ದ್ರುತ್ ಶುರುವಾಗಿ ತಾನುಗಳು ಸುರಿಯುವ ಹೊತ್ತಿಗೆ ಸೂಜಿ ಲೇಬಲ್ ಹತ್ತಿರ ಬಂದಿರುತ್ತದೆ, ದನಿ ಒಡೆಯತೊಡಗುತ್ತದೆ. ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರೋಗ್) ಎಲ್‌ಪಿಗಳದೂ ಇದೇ ಹಾದಿ. ಒಂದೋ ಎರಡೋ ರಚನೆ ಇಡೀ ಮಗ್ಗುಲನ್ನು ತುಂಬುತ್ತದೆ, ಮೆಲ್ಲಗೆ ಏರುತ್ತದೆ, ಎಲ್ಲ ವಾದ್ಯಗಳೂ ಕೂಡಿ ಮೊಳಗುವ ಘಟ್ಟ ಕಟ್ಟಕಡೆಗೆ ಬರುತ್ತದೆ. ಬಿಡಿ ಹಾಡುಗಳ ರೆಕಾರ್ಡಾದರೆ ಮೆತ್ತನೆಯ ಹಾಡೊಂದನ್ನು ಕೊನೆಗೆ ಇಟ್ಟು ಪಾರಾಗಬಹುದು. ಇಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಈ ಸಂಗೀತಕ್ಕೆ ಸೂಜಿ ಆರಿಸುವಾಗ ಮಗ್ಗುಲಿನ ಕೊನೆಯ ಐದು ನಿಮಿಷವನ್ನೇ ಒರೆಗಲ್ಲು ಮಾಡಿಕೊಳ್ಳಬೇಕು.

ಲೆಕ್ಕ ಸರಳ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾದುಹೋದರೆ, ಲೇಬಲ್ ಹತ್ತಿರ 21 ಸೆಂ.ಮೀ. ಮಾತ್ರ. 10,000 ಹರ್ಟ್ಸ್‌ನ ಒಂದು ಅಲೆ ಅಂಚಿನಲ್ಲಿ 51 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಉದ್ದ ಇದ್ದದ್ದು ಒಳಗೆ ಬರುವಾಗ 21 ಮೈಕ್ರಾನ್‌ಗೆ ಕುಗ್ಗುತ್ತದೆ. ಅಷ್ಟು ಕಿರಿದಾದ ಅಂಕುಡೊಂಕಿನೊಳಗೆ ದಪ್ಪ ತುದಿ ಇಳಿಯಲಾರದು. ಸಿಂಬಲ್ (ಡ್ರಮ್ಮಿನ ಜತೆಯ ಲೋಹದ ತಟ್ಟೆ) ಸದ್ದು ಕಾಗದ ಹರಿದಂತೆ ಕೇಳುವುದು ಅದಕ್ಕೇ.

ಹೋಲಿಕೆಗೆ ಆರಿಸಿದ್ದು ಆಡಿಯೊ-ಟೆಕ್ನಿಕಾ ವಿಎಂ95 ಸರಣಿ. ಇದರ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಒಡಲು ಒಂದೇ, ಸೂಜಿ ಮಾತ್ರ ಬೇರೆ ಬೇರೆ. ಒಂದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. ಹೀಗಾಗಿ ಕೇಳಿಸುವ ವ್ಯತ್ಯಾಸ ಸೂಜಿಯದ್ದೇ ಎಂದು ಧೈರ್ಯವಾಗಿ ಹೇಳಬಹುದು. ಮೂರು ಸೂಜಿಗಳು: ನೀಲಿ ಬಣ್ಣದ ಸಿ, ಅಂದರೆ ಗುಂಡು ತುದಿ, 0.6 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್), ಹೆಚ್ಚುಕಡಿಮೆ 15 ಮೈಕ್ರಾನ್. ಹಸಿರು ಬಣ್ಣದ ಇ, ಅಂಡಾಕಾರ, 0.3 × 0.7 ಮಿಲ್, ಅಂಕುಡೊಂಕನ್ನು ಓದುವ ಬದಿ ಸುಮಾರು 7.6 ಮೈಕ್ರಾನ್. ಕೆಂಪು ಬಣ್ಣದ ಎಂಎಲ್, ಮೈಕ್ರೊಲೀನಿಯರ್, 2.2 × 0.12 ಮಿಲ್, ಓದುವ ಬದಿ ಬರೀ 3 ಮೈಕ್ರಾನ್. ಮೂರಕ್ಕೂ ತೂಕ, ಅಂದರೆ ಸೂಜಿ ರೆಕಾರ್ಡಿನ ಮೇಲೆ ಒತ್ತುವ ಭಾರ, 2.0 ಗ್ರಾಂ. ಟರ್ನ್‌ಟೇಬಲ್ ಕೆಳಗೆ ಒಂದೂವರೆ ಇಂಚಿನ ಇಳಕಲ್ ಗ್ರಾನೈಟ್ ಚಪ್ಪಡಿ, ಅದರಡಿ ನಾಲ್ಕು ರಬ್ಬರ್ ಬುಡ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಸಂಗತಿ ಇದೆ. ಇ ಸೂಜಿಯಲ್ಲಿ ಕಾರ್ಟ್ರಿಜ್ 4.0 ಮಿಲಿವೋಲ್ಟ್ ಕೊಡುತ್ತದೆ, ಸಿ ಮತ್ತು ಎಂಎಲ್‌ನಲ್ಲಿ 3.5. ಅಂದರೆ ಇ ಸುಮಾರು 1.2 ಡೆಸಿಬಲ್ ಜೋರು. ತುಸು ಜೋರಾದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ವಾಲ್ಯೂಮ್ ಸರಿಹೊಂದಿಸದೆ ಹೋಲಿಸಿದರೆ ಇ ಸುಮ್ಮನೆ ಗೆದ್ದುಬಿಡುತ್ತದೆ.

ಮೊದಲ ಪರೀಕ್ಷೆ ಕಿಂಗ್ ಕ್ರಿಮ್ಸನ್ ತಂಡದ ‘ರೆಡ್’ (1974), ಎರಡನೇ ಮಗ್ಗುಲು. 12 ನಿಮಿಷ ಮೀರುವ ‘ಸ್ಟಾರ್‌ಲೆಸ್’ ಅಲ್ಲಿ ಕೊನೆಯ ರಚನೆ. ಮೆಲೊಟ್ರಾನ್‌ನ (ಟೇಪಿನಲ್ಲಿ ಹಿಡಿದಿಟ್ಟ ವಾದ್ಯದನಿ ನುಡಿಸುವ ಕೀಬೋರ್ಡ್) ಮೆಲುದನಿಯಿಂದ ಹೊರಟು, ನಡುವೆ ಗಿಟಾರ್ ಒಂದೇ ಸ್ವರವನ್ನು ಹಿಡಿದು ಜಗ್ಗುತ್ತಾ ಏರಿ, ಕೊನೆಗೆ ಮೊದಲ ರಾಗವೇ ಸ್ಯಾಕ್ಸೋಫೋನ್, ಬಾಸ್, ಡ್ರಮ್ಮು ಎಲ್ಲ ಸೇರಿ ಮರಳಿ ಬರುತ್ತದೆ, ಅದೂ ಲೇಬಲ್ ಪಕ್ಕದಲ್ಲಿ! ಸಿ ಸೂಜಿಯಲ್ಲಿ ಈ ಮರಳುವಿಕೆ ಒಂದು ಗಟ್ಟಿ ಮುದ್ದೆ. ಬಾಸ್ ಇದೆ, ಭಾರ ಇದೆ, ಸಿಂಬಲ್ ಮಾತ್ರ ಮಂಕು. ಸ್ಯಾಕ್ಸೋಫೋನು ಮೆಲೊಟ್ರಾನ್ ಒಂದರೊಳಗೊಂದು ಕಲಸಿಹೋಗುತ್ತವೆ. ಇ ಸೂಜಿಯಲ್ಲಿ ಮಗ್ಗುಲಿನ ಮೊದಲ ಅರ್ಧ ಸಿಗಿಂತ ಎಷ್ಟೋ ಸ್ಪಷ್ಟ, ಕೊನೆಯ ಮೂರು ನಿಮಿಷ ಮಾತ್ರ ಸಿಗಿಂತಲೂ ಹೆಚ್ಚು ಕಿರಿಕಿರಿ. ಗುಂಡು ತುದಿ ಮೇಲ್ದನಿಯನ್ನು ಓದದೇ ಬಿಟ್ಟುಬಿಡುತ್ತದೆ. ಅಂಡಾಕಾರದ ತುದಿ ಅರ್ಧಂಬರ್ಧ ಓದಿ ಹರಿದ ಸದ್ದು ಮಾಡುತ್ತದೆ. ಎಂಎಲ್‌ನಲ್ಲಿ ವಾದ್ಯಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ, ಸಿಂಬಲ್ ಸಿಂಬಲ್ಲಾಗಿಯೇ ಕೇಳುತ್ತದೆ. ಇಷ್ಟಕ್ಕೇ ಎಂಎಲ್ ಕೊಳ್ಳಬಹುದು ಅನ್ನಿಸುವಷ್ಟು ದೊಡ್ಡ ಅಂತರ ಇದು.

ಎರಡನೆಯದು ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972). ಮೊದಲ ಮಗ್ಗುಲು ಪೂರ್ತಿ ಒಂದೇ ರಚನೆ, 18 ನಿಮಿಷಕ್ಕೂ ಮೇಲೆ. ಇದು ಮುಗಿಯುವುದು ಸದ್ದಿನಲ್ಲಲ್ಲ, ಹಕ್ಕಿಗಳ ದನಿ, ನೀರಿನ ಸಪ್ಪಳದಲ್ಲಿ. ಇಲ್ಲಿ ಸಿ ಸೂಜಿಗೆ ಒಂದು ಮಾರ್ಕು ಹೆಚ್ಚು ಕೊಡಬೇಕು. ಹಳೆಯ, ಗೀರು ಬಿದ್ದ ರೆಕಾರ್ಡಾದರೆ ಅದು ಚಟಪಟ ಸದ್ದನ್ನು ತಗ್ಗಿಸಿ, ಹಕ್ಕಿಗಳನ್ನು ಕೇಳಗೊಡುತ್ತದೆ. ಎಂಎಲ್ ಹಕ್ಕಿಯನ್ನೂ ತೋರಿಸುತ್ತದೆ, ಗೆರೆಯ ತಳದ ಧೂಳನ್ನೂ ತೋರಿಸುತ್ತದೆ. ಸ್ವಚ್ಛವಾದ ರೆಕಾರ್ಡಿನಲ್ಲಿ ಮತ್ತೆ ಎಂಎಲ್‌ದೇ ಮೇಲುಗೈ.

ಪಿಂಕ್ ಫ್ಲಾಯ್ಡ್‌ನ ‘ಮೆಡಲ್’ (1971) ಎರಡನೇ ಮಗ್ಗುಲಿನ ‘ಎಕೋಸ್’ ಆರಂಭದ ಪಿಂಗ್ ಸ್ವರದಲ್ಲಿ ಮೂರೂ ಸೂಜಿ ಸಮ. ಅದು ಅಂಚಿನಲ್ಲಿದೆ, ಸೂಜಿಗೆ ಅಲ್ಲಿ ಸವಾಲಿಲ್ಲ. ಆ ಸ್ವರ ಅಲುಗಾಡಿದಂತೆ ಕೇಳಿದರೆ ಸೂಜಿಯನ್ನು ದೂರಬೇಡಿ. ರೆಕಾರ್ಡಿನ ನಡುತೂತು ಕೇಂದ್ರ ತಪ್ಪಿದೆಯೋ ನೋಡಿ. ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಪ್ರತಿ ಸುತ್ತಿಗೂ ಎಡಬಲ ತೂಗಾಡುತ್ತಿದ್ದರೆ ಅದೇ ಕಾರಣ.

ಜೆನೆಸಿಸ್‌ನ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’ (1973) ಬೇರೆಯದೇ ಕಥೆ. ಅದರ ಎರಡನೇ ಮಗ್ಗುಲು 28 ನಿಮಿಷ ದಾಟುತ್ತದೆ. ಅಷ್ಟು ಹೊತ್ತನ್ನು ಒಂದು ಮಗ್ಗುಲಿಗೆ ಸೇರಿಸಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ, ಸಣ್ಣ ಅಲೆಯಲ್ಲಿ ಕೊರೆಯಲೇಬೇಕು, ದನಿ ತಗ್ಗುತ್ತದೆ. ವಾಲ್ಯೂಮ್ ಏರಿಸಿದರೆ ಧೂಳಿನ ಸದ್ದೂ ಏರುತ್ತದೆ. ಇಲ್ಲಿ ಯಾವ ಸೂಜಿ ಎನ್ನುವುದಕ್ಕಿಂತ ರೆಕಾರ್ಡು ಎಷ್ಟು ಸ್ವಚ್ಛ ಎನ್ನುವುದೇ ಮುಖ್ಯ.

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸ್ವಚ್ಛತೆ ಅಂದರೆ ಎರಿಮಣ್ಣಿನ ನುಣ್ಣನೆ ಧೂಳಿನ ಜತೆ ದಿನನಿತ್ಯದ ಹೋರಾಟ. ಎಂಎಲ್ ಸೂಜಿಯ ನಿಜವಾದ ಬೆಲೆ ಇದು. ಗೆರೆಯ ಆಳಕ್ಕೆ ಇಳಿಯುವುದರಿಂದ ತಳದ ಧೂಳನ್ನೆಲ್ಲ ಬಾಚಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಮಗ್ಗುಲಿನಲ್ಲಿ ಹದಿನೈದನೇ ನಿಮಿಷಕ್ಕೆ ತುದಿಯ ಕೆಳಗೆ ಬೂದುಬಣ್ಣದ ಚಿಕ್ಕ ಉಂಡೆ ಕಟ್ಟಿ ದನಿ ಮುಸುಕಾಗುತ್ತದೆ. ಇದೂ ಕೊನೆಯಲ್ಲೇ ಆಗುವುದರಿಂದ ಒಳಗೆರೆಯ ತೊಂದರೆ ಎಂದು ತಪ್ಪು ತಿಳಿಯುವವರು ಬಹಳ. ಬೇರ್ಪಡಿಸುವ ದಾರಿ: ಆರ್ಮ್ ಎತ್ತಿ, ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ಬ್ರಷ್ ಮಾಡಿ, ಅದೇ ಜಾಗದಲ್ಲಿ ಮತ್ತೆ ಇಳಿಸಿ. ದನಿ ತಿಳಿಯಾದರೆ ಅದು ಧೂಳು. ತಿಳಿಯಾಗದೆ ಬಲಗಡೆಯ ಸ್ಪೀಕರ್ ಮಾತ್ರ ಒಡೆಯುತ್ತಿದ್ದರೆ ಆಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ಹೊರಸೆಳೆತ) ಕಡಿಮೆ ಇದೆ. ಸೂಜಿ ಒಳಗೋಡೆಗೆ ಒತ್ತಿಕೊಂಡು ಹೊರಗೋಡೆಯನ್ನು ಬಿಡುತ್ತಿದೆ, ಬಲದ ಚಾನೆಲ್ ಇರುವುದು ಹೊರಗೋಡೆಯಲ್ಲಿ. ಎರಡೂ ಕಡೆ ಒಡೆದರೆ ಅಲೈನ್‌ಮೆಂಟ್ (ಕಾರ್ಟ್ರಿಜ್ ಗೆರೆಗೆ ನೇರವಾಗಿ ಕೂತಿರುವುದು) ನೋಡಿ, ಇಲ್ಲವೇ ಗೆರೆಯೇ ಸವೆದಿದೆ.

ತೊಳೆಯುವ ದ್ರಾವಣ ಒಂದು ಲೀಟರಿಗೆ: 850 ಮಿ.ಲೀ. ಡಿಸ್ಟಿಲ್ಡ್ ನೀರು, 150 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ವಾಸನೆಯಿಲ್ಲದ ಪಾತ್ರೆ ಸೋಪಿನ ಎರಡು ಹನಿ. ಮೃದು ಬ್ರಷ್‌ನಿಂದ ಗೆರೆಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಆರಿಸಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ. ಆರಿದ ಮೇಲೆ ಗೆರೆಯೊಳಗೆ ಉಪ್ಪು ಉಳಿಯುತ್ತದೆ. ಬ್ಯಾಟರಿ ನೀರು ತರುವುದಾದರೆ ಮೊದಲು ಕನ್ನಡಿಯ ಮೇಲೆ ಒಂದು ಹನಿ ಇಟ್ಟು ಒಣಗಿಸಿ. ಬಿಳಿ ಕಲೆ ಉಳಿದರೆ ಆ ಬಾಟಲಿ ರೆಕಾರ್ಡಿಗೆ ಬೇಡ. ಬೆಳಗಾವಿಯಲ್ಲಿ ಧೂಳು ಅಷ್ಟಿಲ್ಲ, ಮಳೆಗಾಲದ ತಂಪಿಗೆ ಕವರಿನೊಳಗೆ ಬೂಸ್ಟು ಹಿಡಿಯುತ್ತದೆ. ಅಲ್ಲಿ ಕಾಗದದ ಒಳಕವರ್ ತೆಗೆದು ಪಾಲಿಥೀನ್‌ದು ಹಾಕುವುದು ಮೊದಲ ಕೆಲಸ.

ಇನ್ನು ಅಲೈನ್‌ಮೆಂಟ್. ಸೂಜಿಯಷ್ಟೇ ಇದೂ ಕೊನೆಯ ಐದು ನಿಮಿಷವನ್ನು ತೀರ್ಮಾನಿಸುತ್ತದೆ. ಆರ್ಮ್ ಒಂದು ತುದಿಯಲ್ಲಿ ಕೀಲಿಟ್ಟು ತಿರುಗುವುದರಿಂದ ಕಾರ್ಟ್ರಿಜ್ ಗೆರೆಗೆ ನಿಖರವಾಗಿ ನೇರವಾಗುವುದು ಎರಡೇ ಜಾಗದಲ್ಲಿ. ಬೇರ್‌ವಾಲ್ಡ್ ಪದ್ಧತಿಯಲ್ಲಿ ಆ ಜಾಗಗಳು ಕೇಂದ್ರದಿಂದ 66.0 ಮತ್ತು 120.9 ಮಿ.ಮೀ., ಸ್ಟೀವನ್‌ಸನ್‌ನಲ್ಲಿ 60.3 ಮತ್ತು 117.4. ಸ್ಟೀವನ್‌ಸನ್ ಒಳಗೆರೆಗೆ ಒಲವು ತೋರಿ ನಡುಭಾಗದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ. ಯಾವುದು ಬೇಕೆಂದು ನಿಮ್ಮ ರೆಕಾರ್ಡುಗಳನ್ನೇ ಕೇಳಿ: ಅಳತೆಪಟ್ಟಿ ಹಿಡಿದು ಕೇಂದ್ರದಿಂದ ಸಂಗೀತದ ಕೊನೆಯ ಗೆರೆಗೆ ಎಷ್ಟು ದೂರ ಎಂದು ಹತ್ತು ಎಲ್‌ಪಿಗಳಲ್ಲಿ ಅಳೆಯಿರಿ. ಹೆಚ್ಚಿನವು 65 ಮಿ.ಮೀ. ಮೊದಲೇ ಮುಗಿದರೆ ಬೇರ್‌ವಾಲ್ಡ್ ಸಾಕು. 60ರ ಹತ್ತಿರ ಹೋಗುವವೇ ಜಾಸ್ತಿಯಿದ್ದರೆ ಸ್ಟೀವನ್‌ಸನ್ ಕೂರಿಸಿ. ಸಿ ಮತ್ತು ಇ ಸೂಜಿಗೆ ಇದರಿಂದ ‘ಸ್ಟಾರ್‌ಲೆಸ್’ ಕೊನೆಯಲ್ಲಿ ಸ್ಪಷ್ಟ ಲಾಭವಾಯಿತು. ಎಂಎಲ್‌ಗೆ ಎರಡರಲ್ಲೂ ಹೆಚ್ಚು ಅಂತರ ಕೇಳಲಿಲ್ಲ, ಆದರೆ ಕಾರ್ಟ್ರಿಜ್ ಅರ್ಧ ಡಿಗ್ರಿ ವಾಲಿದ್ದರೂ ಅದು ಮುನಿಸಿಕೊಳ್ಳುತ್ತದೆ. ರೆಕಾರ್ಡಿನ ಜಾಗದಲ್ಲಿ ಚಿಕ್ಕ ಕನ್ನಡಿ ಇಟ್ಟು, ಸೂಜಿಯೂ ಅದರ ಪ್ರತಿಬಿಂಬವೂ ಒಂದೇ ನೇರ ಗೆರೆಯಾಗುವಂತೆ ಹೊಂದಿಸಿ.

ತೂಕಕ್ಕೆ ಸರಾಫರು ಬಳಸುವಂಥ 0.01 ಗ್ರಾಂ ತಕ್ಕಡಿ ಚೆನ್ನ. ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದನ್ನು ಎಳೆದು ತಪ್ಪು ಅಂಕಿ ತೋರಿಸುತ್ತದೆ, ಎಚ್ಚರ. ಅಳೆಯುವುದೂ ರೆಕಾರ್ಡಿನ ಎತ್ತರದಲ್ಲೇ ಆಗಬೇಕು. ಈ ಕಾರ್ಟ್ರಿಜ್‌ಗೆ ಕೇಬಲ್ಲೂ ಆಂಪ್ಲಿಫೈಯರಿನ ಫೋನೊ ಇನ್‌ಪುಟ್ಟೂ ಸೇರಿ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) 100ರಿಂದ 200 ಪಿಕೊಫ್ಯಾರಡ್ ಒಳಗಿರಲಿ. ಉದ್ದನೆಯ ಅಗ್ಗದ ಕೇಬಲ್ ಹಾಕಿದರೆ ಮೇಲ್ದನಿ ಚುಚ್ಚತೊಡಗುತ್ತದೆ, ಜನ ಸೂಜಿಯನ್ನು ಬೈಯುತ್ತಾರೆ.

ಬೆಲೆಯ ಮಾತು. ಕಂಪನಿ ಹೇಳುವ ಆಯುಷ್ಯ ಸಿಗೆ 500 ಗಂಟೆ, ಇಗೆ 300, ಎಂಎಲ್‌ಗೆ 1,000. ದಿನಕ್ಕೆ 45 ನಿಮಿಷದ ಒಂದು ಎಲ್‌ಪಿ ಕೇಳುವವರಿಗೆ ಇ ಒಂದು ವರ್ಷದ ಮೇಲೆ ಒಂದು ತಿಂಗಳು ಬರುತ್ತದೆ, ಎಂಎಲ್ ಮೂರೂವರೆ ವರ್ಷ ದಾಟುತ್ತದೆ. ಎಂಎಲ್‌ಗೆ ಇಯ ಮೂರು ಪಟ್ಟು ಕೊಟ್ಟರೂ ಗಂಟೆಯ ಲೆಕ್ಕದಲ್ಲಿ ನಷ್ಟವಿಲ್ಲ. ವಾರಕ್ಕೊಮ್ಮೆ ಕೇಳುವವರು, ರೆಕಾರ್ಡು ತೊಳೆಯಲು ಪುರುಸೊತ್ತಿಲ್ಲದವರು ಸಿ ಕೊಳ್ಳಲಿ, ಕಿರಿಕಿರಿಯಿಲ್ಲದೆ ಕೇಳಲಿ. ಇ ಸೂಜಿ ಹಾಡುಹಾಡಾಗಿರುವ ರೆಕಾರ್ಡುಗಳಿಗೆ ಒಳ್ಳೆಯದು. ಪ್ರೋಗ್‌ಗೆ ಅದನ್ನು ಹೊಸದಾಗಿ ಕೊಳ್ಳುವ ಅಗತ್ಯ ಕಾಣುವುದಿಲ್ಲ. ತೊಳೆದು, ಬ್ರಷ್ ಮಾಡಿ, ಮಗ್ಗುಲು ಪೂರ್ತಿ ಕೂತು ಕೇಳುವವರಿಗೆ ಎಂಎಲ್.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನಾಟ್ಯಗೀತೆ, ಹಿಂದೂಸ್ತಾನಿಯ 78 ಆರ್‌ಪಿಎಂ ಪ್ಲೇಟುಗಳು ಇನ್ನೂ ಸಿಗುತ್ತವೆ. ಇದೇ ಒಡಲಿಗೆ ಎಸ್‌ಪಿ ಎಂಬ 3 ಮಿಲ್‌ನ ದಪ್ಪ ಸೂಜಿಯೂ ಬರುತ್ತದೆ. ಎಲ್‌ಪಿ ಸೂಜಿಯನ್ನು ಅವುಗಳ ಮೇಲೆ ಇಡಬೇಡಿ. ಮೇಲಿನ ದ್ರಾವಣವನ್ನೂ ಅವಕ್ಕೆ ತಾಗಿಸಬೇಡಿ: ಆ ಪ್ಲೇಟುಗಳು ಅರಗಿನವು, ಆಲ್ಕೊಹಾಲ್ ಬಿದ್ದಲ್ಲಿ ಕರಗುತ್ತವೆ. ಎಸ್‌ಪಿಗೆ ತೂಕ 5 ಗ್ರಾಂ. ಕೇಳಿ ಮುಗಿದು ಎಂಎಲ್ ಸಿಕ್ಕಿಸುವ ಮುಂಚೆ ತೂಕವನ್ನು 2.0ಕ್ಕೆ ಇಳಿಸಿರಬೇಕು.