ಲೈಬ್ರರಿ ಕೋಡಿಂಗ್ ಕ್ಲಾಸಿಗೆ ಮಗಳನ್ನ ಎಂಟು ವಾರ ಕಳಿಸಿದ್ಮೇಲೆ

ಒಂಬತ್ತು ವರ್ಷದ ಮಗಳನ್ನ ಲೈಬ್ರರಿಯ ಮಕ್ಕಳ ಕೋಡಿಂಗ್ ಕ್ಲಾಸಿಗೆ ಎಂಟು ವಾರ ಕಳಿಸಿದೆ, ವಾರಕ್ಕೊಂದಿನ, ಒಂದೂವರೆ ಗಂಟೆ. ಕಳಿಸ್ಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ತಿರೋರಿಗೆ ಮೊದ್ಲೇ ಹೇಳ್ತೀನಿ, ಕಳಿಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಮ್ಮಿ ಅಂತ ಕೆಳಗೆ ಬರ್ದಿದೀನಿ.

ಮೊದಲ ಎರಡು ವಾರ ಕಂಪ್ಯೂಟರ್ ಆನೇ ಮಾಡ್ಲಿಲ್ಲ. ಕೋಡಿಂಗ್ ಅಂತ ಕರ್ದು ಪುಸ್ತಕ ಜೋಡಿಸ್ತಾ ಕೂತಿದಾರಲ್ಲ ಅಂತ ಕೆಲವು ಪೇರೆಂಟ್ಸ್ ಬೇಜಾರು ಮಾಡ್ಕೊಂಡ್ರು, ನಾನು ಹಿಂದೆ ಕೂತು ನೋಡಿದೆ. ಲೈಬ್ರರಿಯನ್ ಮೇಡಂ ನಂಬರ್ ಪ್ರಕಾರ ಜೋಡಿಸಿದ್ದ 64 ಪುಸ್ತಕದ ಒಂದು ಸಾಲು ತೋರ್ಸಿ, ಒಂದು ನಂಬರ್ ಹೇಳಿ, ಎಷ್ಟು ಕಮ್ಮಿ ಪುಸ್ತಕ ಮುಟ್ಟಿ ಇದನ್ನ ಹುಡುಕ್ತೀರಾ ನೋಡೋಣ ಅಂದ್ರು. ಮಕ್ಕಳು ಎಡಗಡೆಯಿಂದ ಒಂದೊಂದೇ ನೋಡ್ಕೊಂಡು ಹೊರಟ್ರು. ಆಮೇಲೆ ಒಬ್ಬ ಹುಡುಗ ನಟ್ಟನಡುವೆ ಕೈ ಇಟ್ಟು, "ನಮ್ದು ಇದಕ್ಕಿಂತ ದೊಡ್ಡ ನಂಬರು, ಹಾಗಾದ್ರೆ ಈ ಕಡೆ ಇರೋದನ್ನ ನೋಡೋದೇ ಬೇಡ" ಅಂದ. 64 ಇದ್ದಿದ್ದು 32, ಆಮೇಲೆ 16, 8, 4, 2, ಹಿಂಗೆ ಆರು ಸಲ ಅರ್ಧ ಮಾಡಿದ್ರೆ ಒಂದೇ ಉಳಿಯುತ್ತೆ. ಬೈನರಿ ಸರ್ಚ್ ಅನ್ನೋ ಹೆಸರು ಮೇಡಂ ಹೇಳಿದ್ದು ಇಷ್ಟೆಲ್ಲ ಆದ್ಮೇಲೆ. ಆಮೇಲೆ ಎರಡು ಪುಸ್ತಕ ಅದಲುಬದಲು ಮಾಡಿಟ್ಟು, ಈಗ ಹುಡುಕಿ ಅಂದ್ರು, ಮಕ್ಕಳಿಗೆ ಸಿಗ್ಲೇ ಇಲ್ಲ. ಜೋಡಣೆ ಸರಿ ಇದ್ರೆ ಮಾತ್ರ ಈ ಉಪಾಯ ನಡೆಯುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳೋ ಅಗತ್ಯಾನೇ ಬರ್ಲಿಲ್ಲ. ನನಗಂತೂ ಇಡೀ ಕೋರ್ಸಲ್ಲಿ ಇದೇ ತುಂಬಾ ಇಷ್ಟ ಆಗಿದ್ದು.

ಮೂರನೇ ವಾರದಿಂದ ಸ್ಕ್ರ್ಯಾಚ್, ಮಕ್ಕಳು ಗೇಮು, ಕಾರ್ಟೂನು ಮಾಡ್ತಾ ಕೋಡಿಂಗ್ ಕಲಿಯೋ ಪ್ರೋಗ್ರಾಂ. ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಮೀಡಿಯಾ ಲ್ಯಾಬ್‌ನೋರು 2007ರಲ್ಲಿ ಬಿಟ್ಟಿದ್ದು, ಫ್ರೀ, ಮುಖ್ಯವಾಗಿ 8ರಿಂದ 16 ವರ್ಷದೋರಿಗೆ ಅಂತ ಮಾಡಿರೋದು. ಟೈಪ್ ಮಾಡೋ ಕಷ್ಟ ಇಲ್ಲ, ಏನು ಮಾಡ್ಬೇಕು ಅಂತ ಬರ್ದಿರೋ ಬ್ಲಾಕ್ ಎಳ್ದು ಒಂದರ ಕೆಳಗೊಂದು ಕೂರಿಸೋದು, ಸ್ಕ್ರೀನಲ್ಲಿರೋ ಬೆಕ್ಕಿನ ಚಿತ್ರ ಅದೇ ಥರ ನಡೆಯುತ್ತೆ. ನಮ್ಮವಳ ಬೆಕ್ಕು ಸ್ಕ್ರೀನ್ ಅಂಚಿಗೆ ತಾಗಿ ವಾಪಸ್ ಬರುವಾಗ ತಲೆಕೆಳಗಾಗಿ ನಡೀತಿತ್ತು. ಮೇಡಂ ಬಂದ್ರು, ಆದ್ರೆ ಮೌಸ್ ಮುಟ್ಲಿಲ್ಲ. "ಏನಾಗುತ್ತೆ ಅಂದ್ಕೊಂಡಿದ್ದೆ ಪುಟ್ಟಾ? ಏನಾಯ್ತು? ಎಲ್ಲಿವರೆಗೆ ಸರಿ ಇತ್ತು?" ಇಷ್ಟೇ ಕೇಳಿ ಮುಂದಕ್ಕೆ ಹೋದ್ರು. ಅವಳು ಬ್ಲಾಕ್‌ಗಳನ್ನ ಒಂದೊಂದಾಗಿ ತೆಗೆದು, ಓಡಿಸಿ, ಮತ್ತೆ ಹಾಕಿ, ದಿಕ್ಕು ತಿರುಗಿದಾಗ ಚಿತ್ರಾನೂ ಪೂರ್ತಿ ತಿರುಗ್ತಿದೆ ಅಂತ ಕಂಡುಹಿಡಿದು, ಎಡ ಬಲ ಮಾತ್ರ ತಿರುಗೋ ಹಾಗೆ ಮಾಡೋ ಬ್ಲಾಕ್ ಹುಡುಕಿ ಹಾಕೋಕೆ ಇಪ್ಪತ್ತು ನಿಮಿಷ ಆಯ್ತು. ನಾನಾಗಿದ್ರೆ ಎರಡನೇ ನಿಮಿಷಕ್ಕೆ ಮೌಸ್ ಕಿತ್ಕೊಂಡು ಸರಿ ಮಾಡಿಕೊಡ್ತಿದ್ದೆ, ಅವಳು ಕಲೀತಾ ಇರ್ಲಿಲ್ಲ.

ಈಗ ದೂರು. ಶುರುವಲ್ಲಿ ಒಂದು ಕಂಪ್ಯೂಟರಿಗೆ ಮೂರು ಮಕ್ಕಳು, ಜೋರಿರೋರ ಕೈಲಿ ಮೌಸ್, ಉಳಿದೋರು ನೋಡ್ತಾ ಕೂರೋದು. ಹೇಳಿದ್ಮೇಲೆ ಇಬ್ಬಿಬ್ಬರನ್ನ ಕೂರಿಸಿದ್ರು, ಒಬ್ರು ಏನು ಮಾಡ್ಬೇಕು ಅಂತ ಹೇಳೋದು, ಇನ್ನೊಬ್ರು ಮಾಡೋದು, ಹತ್ತು ನಿಮಿಷಕ್ಕೆ ಅದಲುಬದಲು. ಅದು ಸರಿಹೋಯ್ತು. ಸ್ಟಾರ್ ಕಮ್ಮಿ ಮಾಡಿದ್ದು ಬೇರೆ ಕಾರಣಕ್ಕೆ. ಎಲ್ಲರೂ ಬಳಸೋ ಕಂಪ್ಯೂಟರ್ ಆಗಿರೋದ್ರಿಂದ ರೀಸ್ಟಾರ್ಟ್ ಆದ್ರೆ ಅದರಲ್ಲಿ ಸೇವ್ ಮಾಡಿದ್ದೆಲ್ಲ ಅಳಿಸಿಹೋಗೋ ಹಾಗೆ ಸೆಟ್ ಮಾಡಿದಾರೆ, ಅದನ್ನ ಮಕ್ಕಳಿಗೆ ಯಾರೂ ಮೊದ್ಲು ಹೇಳಿರ್ಲಿಲ್ಲ, ನಾಲ್ಕನೇ ವಾರ ಬಂದು ನೋಡಿದ್ರೆ ಯಾರ ಗೇಮೂ ಇಲ್ಲ. ಮಗಳು ಮನೆವರೆಗೂ ಅತ್ಕೊಂಡೇ ಬಂದ್ಲು. ಮಕ್ಕಳ ಕೆಲಸನೂ ಕೆಲಸನೇ ಅಲ್ವಾ?

ಕೊನೆ ಎರಡು ವಾರ ಮೈಕ್ರೋಬಿಟ್ ಕೊಟ್ರು, ನಾವು ಬರೆದ ಪ್ರೋಗ್ರಾಂ ಓಡಿಸೋ, ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಬೋರ್ಡು, 25 ಪುಟ್ಟ ಎಲ್‌ಇಡಿ, ಎರಡು ಬಟನ್, ಅಲುಗಾಡಿಸಿದ್ರೆ ಗೊತ್ತಾಗೋ ಸೆನ್ಸರ್. ಹೆಜ್ಜೆ ಎಣಿಸೋ ಪ್ರೋಗ್ರಾಂ ಮಾಡಿ ಕಾಲಿಗೆ ಕಟ್ಕೊಂಡು ಓಡಾಡಿದ್ವು. ಹನ್ನೆರಡು ದಾಟಿದ ಮಕ್ಕಳಿಗೆ ಇದನ್ನ ಇನ್ನೂ ಬೇಗ ಕೊಡ್ಬೇಕಿತ್ತು, ಅಷ್ಟೊತ್ತಿಗೆ ಇಬ್ಬರು ಬರೋದು ಬಿಟ್ಟಿದ್ರು.

ಹೋಗೋರು ಒಂದು ಪೆನ್‌ಡ್ರೈವ್ ಕೊಟ್ಟು ಕಳಿಸಿ, ಪ್ರತಿ ಸಲ ಫೈಲ್ ಹೆಸರಲ್ಲಿ ತಾರೀಕು ಹಾಕಿ ಸೇವ್ ಮಾಡೋಕೆ ಹೇಳಿ. ನಮ್ಮವಳ ಹೆಸರು ಮುಂದಿನ ಬ್ಯಾಚಿಗೂ ಕೊಟ್ಟಾಯ್ತು, ಪೆನ್‌ಡ್ರೈವ್ ಈಗಾಗ್ಲೇ ಅವಳ ಬ್ಯಾಗಲ್ಲಿದೆ.