ನೂರು ಗಂಟೆಯ ಆಟವನ್ನು ಅಂಗಡಿಯವರ ಐಡಿಯಲ್ಲಿ ಆಡಬೇಡಿ

ದಾವಣಗೆರೆಯಲ್ಲಿ ಪ್ಲೇಸ್ಟೇಷನ್ ಎಂಬ ವಿಡಿಯೊ ಗೇಮ್ ಯಂತ್ರ ಇಟ್ಟುಕೊಂಡಿರುವವರು, ಅದರಲ್ಲೂ ಜಪಾನಿನ ದೊಡ್ಡ ಕಥೆಯಾಟಗಳ ರುಚಿ ಈಗಷ್ಟೇ ಹತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಕೋಣೆ ಮಾಡಿಕೊಂಡಿರುವ ಕಾಲೇಜು ಹುಡುಗರ ನಡುವೆ "ಡಿಜಿಟಲ್ ಗೇಮ್, ಅರ್ಧಕ್ಕಿಂತ ಕಡಿಮೆ ಬೆಲೆ" ಎಂಬ ವ್ಯಾಪಾರ ಜೋರಾಗಿದೆ. ಅಂಗಡಿಯವರು ನಿಮಗೆ ಡಿಸ್ಕ್ ಕೊಡುವುದಿಲ್ಲ. ತಮ್ಮ ಒಂದು ಐಡಿಯನ್ನು, ಅಂದರೆ ಆಟ ಕೊಂಡಿರುವ ಪ್ಲೇಸ್ಟೇಷನ್ ಖಾತೆಯನ್ನು, ನಿಮ್ಮ ಯಂತ್ರಕ್ಕೆ ಹಾಕಿ, ಆಟವನ್ನು ಇಳಿಸಿಕೊಟ್ಟು ಕಳುಹಿಸುತ್ತಾರೆ. ಫುಟ್‌ಬಾಲ್ ಆಟವೋ ಕಾರು ಓಡಿಸುವ ಆಟವೋ ಆದರೆ, ಕೈಕೊಟ್ಟಾಗ ಹೋಗುವುದು ದುಡ್ಡು ಮಾತ್ರ. ಡ್ರ್ಯಾಗನ್ ಕ್ವೆಸ್ಟ್ 11ರಂಥ ಆಟದಲ್ಲಿ ಹೋಗುವುದು ಬೇರೆಯೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯೂಜಿ ಹೋರಿ 1986ರಲ್ಲಿ ಆರಂಭಿಸಿದ ಸರಣಿಯ ಹನ್ನೊಂದನೆಯ ಕಂತು ಇದು. ಜಪಾನಿನಲ್ಲಿ 2017ರಲ್ಲಿ ಬಂತು, ಇಂಗ್ಲಿಷಿನಲ್ಲಿ 2018ರ ಸೆಪ್ಟೆಂಬರ್‌ನಲ್ಲಿ. ಪಾತ್ರಗಳಿಗೆ ರೂಪ ಕೊಟ್ಟವರು ಅಕಿರಾ ತೊರಿಯಾಮಾ. ಸರದಿಯ ಮೇಲೆ ಹೊಡೆದಾಡುವ ಹಳೆಯ ಕ್ರಮದ ಕಾಳಗ, ಊರಿಂದ ಊರಿಗೆ ಅಲೆದಾಟ, ದಾರಿಯಲ್ಲಿ ಒಬ್ಬೊಬ್ಬರಾಗಿ ಸೇರಿಕೊಳ್ಳುವ ಜೊತೆಗಾರರು. ಮುಖ್ಯ ಕಥೆಗೇ 50ರಿಂದ 60 ಗಂಟೆ ಬೇಕು. ಮೂಲೆ ಮೂಲೆಯನ್ನೂ ನೋಡುತ್ತೇನೆ ಎಂದು ಹೊರಟರೆ 100 ದಾಟುತ್ತದೆ.

ಇದರ ಬಗ್ಗೆ ನಮ್ಮ ಬಳಗದಲ್ಲಿ ಇದ್ದಷ್ಟು ಜಗಳ ಬೇರೆ ಯಾವ ಆಟದ ಬಗ್ಗೆಯೂ ಇಲ್ಲ. ಹರಿಹರದಲ್ಲಿರುವ ನನ್ನ ಸೋದರಮಾವನ ಮಗ, "ಮೊದಲ ಹತ್ತು ಗಂಟೆ ಹೇಗಾದರೂ ದೂಡು, ಆಮೇಲೆ ಅದೇ ನಿನ್ನನ್ನು ಬಿಡುವುದಿಲ್ಲ" ಎಂದು ಹಟ ಹಿಡಿದಿದ್ದ. ಕೊನೆಯ ಹೆಸರುಗಳ ಪಟ್ಟಿ ಓಡಿದ ಕೂಡಲೇ ಕಂಟ್ರೋಲರ್ ಕೆಳಗಿಟ್ಟವರು ಆಟ ಆಡಿದವರ ಲೆಕ್ಕಕ್ಕೇ ಇಲ್ಲ, ಅದರ ನಂತರ ಇನ್ನೊಂದು ದೊಡ್ಡ ಭಾಗವಿದೆ ಎಂಬುದು ಮತ್ತೊಬ್ಬ ಗೆಳೆಯನ ವಾದ. ಮೂರನೆಯವನೊಬ್ಬ ಆಟದಲ್ಲಿ ಊರಾಚೆಯ ಬಯಲಲ್ಲಿ ಅಲೆಯುವಾಗ ಬರುವ ಸಂಗೀತವನ್ನು ಕೇಳಲಾರದೆ ಟಿವಿಯ ಧ್ವನಿಯನ್ನೇ ಮುಚ್ಚಿ ಆಡುತ್ತಿದ್ದ. ನಾಯಕ ಬಾಯಿ ಬಿಡದ ಮೂಕ ಎಂಬುದು ಅವನ ಇನ್ನೊಂದು ತಕರಾರು. ನಾನು ಆಡಿ ನೋಡಿದ ಮೇಲೆ ಹೇಳುವುದಾದರೆ, ಸಂಗೀತದ ದೂರು ನೂರಕ್ಕೆ ನೂರು ನಿಜ. ಹತ್ತು ಗಂಟೆಯ ಮಾತು ಅರ್ಧ ನಿಜ. ನನಗೆ ಗ್ಯಾಲೊಪೊಲಿಸ್ ಎಂಬ ಮರಳುಗಾಡಿನ ಊರು ಬರುವ ಹೊತ್ತಿಗೇ ಹಿಡಿದುಕೊಂಡಿತು. ಅಲ್ಲಿ ಸಿಲ್ವಾಂಡೊ ಎಂಬ ಸರ್ಕಸ್ ಕಲಾವಿದ ಎದುರಾಗುತ್ತಾನೆ. ಮೂಕ ನಾಯಕನ ಕೊರತೆಯನ್ನು ಅವನೊಬ್ಬನೇ ತುಂಬಿಕೊಡುತ್ತಾನೆ. ಹೊಟ್ಟೊ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಜನರೆಲ್ಲ ಹೈಕು ಎಂಬ ಜಪಾನಿನ ಪುಟ್ಟ ಪದ್ಯಗಳಲ್ಲೇ ಮಾತನಾಡುತ್ತಾರೆ. ಅಲ್ಲಿ ನಾನು ಕೆಲಸವಿಲ್ಲದಿದ್ದರೂ ಎಲ್ಲರನ್ನೂ ಮಾತನಾಡಿಸಿಕೊಂಡು ಸುತ್ತಿದ್ದೇನೆ. ಆಟ ಸುಲಭ ಎಂಬ ದೂರೂ ಇದೆ. ಅದಕ್ಕೆ ಮದ್ದು ಆಟದಲ್ಲೇ ಇದೆ: ಶುರುವಿನಲ್ಲಿ 'ಡ್ರಕೋನಿಯನ್ ಕ್ವೆಸ್ಟ್' ಎಂಬ ಆಯ್ಕೆಯೊಳಗೆ ಶತ್ರುಗಳ ಬಲ ಹೆಚ್ಚಿಸಿಕೊಳ್ಳಬಹುದು. ನಡುವೆ ಸಾಕೆನಿಸಿದರೆ ತೆಗೆಯಬಹುದು, ಆದರೆ ತೆಗೆದದ್ದನ್ನು ಮತ್ತೆ ಹಾಕಲಾಗದು. ನಾನು ಬಲ ಹೆಚ್ಚಿಸಿಕೊಂಡೇ ಆಡಿದೆ. ಗಂಟೆಗಳೂ ಅದಕ್ಕೆ ತಕ್ಕಂತೆ ಏರಿದವು.

ಈಗ ಅಂಗಡಿಯ ವಿಷಯ. ಹೆಸರು, ರಸ್ತೆ ಹೇಳುವುದಿಲ್ಲ. ಮೊಬೈಲ್ ಕವರ್, ಇಯರ್‌ಫೋನುಗಳ ಹಿಂದೆ ಎರಡು ಟಿವಿ ಇಟ್ಟು ಗಂಟೆ ಲೆಕ್ಕದಲ್ಲಿ ಆಟ ಆಡಿಸುವ ಅಂಗಡಿ. ಇಂಥವು ಊರಿನಲ್ಲಿ ಒಂದೇ ಅಲ್ಲ. ಏಳು ನೂರು ರೂಪಾಯಿ ಕೇಳಿದರು, ಯುಪಿಐನಲ್ಲಿ ಕೊಟ್ಟೆ. ರಸೀದಿ ಕೇಳಿದರೆ, "ಇದಕ್ಕೆಲ್ಲ ಬಿಲ್ ಬರುವುದಿಲ್ಲ ಅಣ್ಣಾ, ಲೈಫ್‌ಟೈಮ್ ಗ್ಯಾರಂಟಿ, ನಾನೇ ಇದ್ದೇನಲ್ಲ" ಎಂದರು. ನನ್ನ ಪಿಎಸ್4ಗೆ (ಪ್ಲೇಸ್ಟೇಷನ್ 4) ಅವರ ಐಡಿ ಹಾಕಿದರು, ದೃಢೀಕರಣದ ಕೋಡ್ ಅವರ ಮೊಬೈಲಿಗೆ ಬಂತು, ಅದನ್ನು ಒತ್ತಿದರು. "ಇದೇ ಐಡಿಯಲ್ಲೇ ಆಡಬೇಕು, ನಿಮ್ಮ ಸ್ವಂತ ಐಡಿಯಲ್ಲಿ ತೆರೆಯಬೇಡಿ" ಎಂದು ಎರಡು ಸಲ ಹೇಳಿದರು. ಆ ಮಾತಿನ ಹಿಂದಿರುವ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಯಾವ ಅಂಗಡಿಯವರೂ ಅದನ್ನು ಹೇಳುವುದಿಲ್ಲ.

ಒಂದು ಐಡಿಯಲ್ಲಿ ಕೊಂಡ ಆಟಕ್ಕೆ ಒಂದು ಪಿಎಸ್4 ಮಾತ್ರ 'ಪ್ರೈಮರಿ' ಆಗಿರಬಹುದು. ಆ ಯಂತ್ರದಲ್ಲಿ ಯಾವ ಐಡಿಯಿಂದ ಬೇಕಾದರೂ, ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಬೇರೆ ಯಂತ್ರದಲ್ಲಾದರೆ ಕೊಂಡ ಐಡಿಯೇ ಇಂಟರ್ನೆಟ್ಟಿಗೆ ಲಾಗಿನ್ ಆಗಿ ಆಡಬೇಕು. ಹೀಗಾಗಿ ಒಂದೇ ಆಟವನ್ನು ಇಬ್ಬರಿಗೆ ಮಾರಬಹುದು: ಒಬ್ಬರಿಗೆ ಪ್ರೈಮರಿ, ಇನ್ನೊಬ್ಬರಿಗೆ ಸೆಕೆಂಡರಿ. ಸೆಕೆಂಡರಿ ಅಗ್ಗ. ನನಗೆ ಕೊಟ್ಟದ್ದು ಅದು. ಅದರಲ್ಲಿ ಸೇವ್ ಫೈಲುಗಳೆಲ್ಲ, ಅಂದರೆ ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆಗಳೆಲ್ಲ, ಅಂಗಡಿಯವರ ಐಡಿಯ ಹೆಸರಿನಲ್ಲೇ ಕೂಡುತ್ತವೆ. ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡರೂ ಬೇರೆ ಐಡಿಯಲ್ಲಿ ಅವು ತೆರೆದುಕೊಳ್ಳುವುದಿಲ್ಲ.

ಸೆಕೆಂಡರಿಯ ಮೊದಲ ಕಾಟ ಕರೆಂಟಿನದು. ಬೆಸ್ಕಾಂನವರು ಕರೆಂಟ್ ತೆಗೆದರೆ ಮನೆಯ ಯುಪಿಎಸ್ ಮೇಲೆ ಟಿವಿ ನಡೆಯುತ್ತದೆ, ಪಿಎಸ್4 ನಡೆಯುತ್ತದೆ. ಬೀದಿಯ ಕೇಬಲ್ ಇಂಟರ್ನೆಟ್ ಸತ್ತಿರುತ್ತದೆ. ಒಬ್ಬನೇ ಕುಳಿತು ಆಡುವ ಆಟಕ್ಕೆ ಇಂಟರ್ನೆಟ್ಟಿನ ಅಗತ್ಯವೇ ಇಲ್ಲ, ಆದರೂ ಪರವಾನಗಿ ಪರೀಕ್ಷೆಯಾಗದೆ ಆಟ ತೆರೆಯುವುದಿಲ್ಲ. ಎರಡನೆಯ ಕಾಟ ಇನ್ನೂ ಕೆಟ್ಟದ್ದು. ಅದೇ ಐಡಿಯನ್ನು ಬೇರೆಲ್ಲೋ ಇನ್ನೊಂದು ಪಿಎಸ್4ನಲ್ಲಿ ಲಾಗಿನ್ ಮಾಡಿದರೆ ನೀವು ಹೊರಗೆ. ಆಕ್ಟಗೋನಿಯಾ ಎಂಬ ಊರಿನಲ್ಲಿ ಅರಾಕ್ಟಗಾನ್ ಎಂಬ ದೈತ್ಯ ಜೇಡದ ಕಾಳಗವಿದೆ. ಬಲ ಹೆಚ್ಚಿಸಿಕೊಂಡು ಆಡಿದವರಿಗೆ ಅದರ ಕಾಟ ಗೊತ್ತು. ಸೋತು, ಹತ್ತಿರದಲ್ಲಿ ಅಲೆದು ಮಟ್ಟ ಏರಿಸಿಕೊಂಡು, ಮತ್ತೆ ಹೋಗಿ, ಜೇಡದ ಜೀವ ಇನ್ನೇನು ಮುಗಿಯಿತು ಎನ್ನುವಾಗ ಪರದೆಯ ಮೇಲೆ ಒಂದು ಸಾಲು ಮೂಡಿತು: ಬೇರೊಂದು ಪಿಎಸ್4ನಲ್ಲಿ ಲಾಗಿನ್ ಆದ ಕಾರಣ ನಿಮ್ಮನ್ನು ಹೊರಹಾಕಲಾಗಿದೆ. ಅಂಗಡಿಗೆ ಕರೆ ಮಾಡಿದರೆ, "ಯಾರೋ ಹೊಸಬರು ಅಣ್ಣಾ, ಗೊತ್ತಾಗದೆ ಹಾಕಿದ್ದಾರೆ, ಹತ್ತು ನಿಮಿಷ ಬಿಟ್ಟು ನೋಡಿ" ಎಂಬ ಉತ್ತರ. ಇಬ್ಬರಿಗೆ ಮಾರಬಹುದಾದದ್ದನ್ನು ಎಷ್ಟು ಜನರಿಗೆ ಮಾರಿದ್ದರೋ, ದೇವರೇ ಬಲ್ಲ.

ಇಷ್ಟೆಲ್ಲ ಸಹಿಸಿಕೊಂಡು ಮಳೆಗಾಲ ಪೂರ್ತಿ ಆಡಿದೆ. ಕಥೆ ಕೆಡಿಸುವುದಿಲ್ಲ. ಹೆಸರುಗಳ ಪಟ್ಟಿ ಮುಗಿದು, ಗೆಳೆಯ ಹೇಳಿದ್ದ ಆ ಕೊನೆಯ ಭಾಗ ಶುರುವಾಗಿತ್ತು. ಒಂದು ಸಂಜೆ ಯಂತ್ರ ಹಾಕಿದರೆ ಆಟದ ಚಿತ್ರದ ಪಕ್ಕ ಬೀಗದ ಗುರುತು. ಪಾಸ್‌ವರ್ಡ್ ಬದಲಾಗಿತ್ತು. ಅಂಗಡಿಯವರು, "ಕಂಪನಿಯವರು ಬ್ಲಾಕ್ ಮಾಡಿದ್ದಾರೆ ಅಣ್ಣಾ. ಮಷೀನ್ ತನ್ನಿ, ಬೇರೆ ಐಡಿ ಹಾಕಿಕೊಡುತ್ತೇನೆ, ಅದರಲ್ಲೂ ಇದೇ ಆಟ ಇದೆ" ಎಂದರು. ಸೇವ್ ಬರುತ್ತದೆಯೇ ಎಂದು ಕೇಳಿದೆ. "ಬರುತ್ತದೆ" ಎಂದರು.

ಹೋದೆ. ಅಂಗಡಿಯ ಹುಡುಗ ನನ್ನ ಯಂತ್ರವನ್ನು ತನ್ನ ಟಿವಿಗೆ ಸಿಕ್ಕಿಸಿದ. ಒಂದು ಕೈಯಲ್ಲಿ ಮಂಡಕ್ಕಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಕಂಟ್ರೋಲರ್. ಸೆಟ್ಟಿಂಗ್ಸ್‌ಗೆ ಹೋಗಿ, ಬಳಕೆದಾರರ ಪಟ್ಟಿ ತೆಗೆದು, ಹಳೆಯ ಐಡಿಯ ಮೇಲೆ ನಿಂತು 'ಡಿಲೀಟ್' ಒತ್ತಿದ. ಈ ಬಳಕೆದಾರನ ಸೇವ್ ಫೈಲು, ಚಿತ್ರ, ಎಲ್ಲವೂ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂತು. ನಾನು "ತಡಿಯಪ್ಪಾ" ಎನ್ನುವುದಕ್ಕೂ ಅವನು ಖಾರ ಅಂಟಿದ ಹೆಬ್ಬೆರಳಿನಿಂದ ಒಪ್ಪಿಗೆ ಒತ್ತುವುದಕ್ಕೂ ಸರಿಹೋಯಿತು. ಹೊಸ ಐಡಿ ಹಾಕಿ ಆಟ ತೆರೆದು, "ನೋಡಿ, ಬಂತಲ್ಲ" ಎಂದು ಕಂಟ್ರೋಲರನ್ನು ನನ್ನ ಕೈಗಿಟ್ಟ. ಪರದೆಯ ಮೇಲೆ 'ಹೊಸ ಆಟ' ಎಂಬ ಆಯ್ಕೆ ಕಾಯುತ್ತಿತ್ತು.

ಬೀಗ ಬಿದ್ದವರು ಮುಖ್ಯವಾಗಿ ತಿಳಿಯಬೇಕಾದದ್ದು ಇಲ್ಲಿದೆ. ಐಡಿಗೆ ಬೀಗ ಬಿದ್ದರೂ, ಪಾಸ್‌ವರ್ಡ್ ಬದಲಾದರೂ, ಆ ಬಳಕೆದಾರನ ಹೆಸರು ನಿಮ್ಮ ಯಂತ್ರದಲ್ಲಿ ಉಳಿದಿರುವವರೆಗೆ ಸೇವ್ ಫೈಲು ಬದುಕಿಯೇ ಇರುತ್ತದೆ. ಇಂಟರ್ನೆಟ್ಟಿಗೆ ಲಾಗಿನ್ ಆಗದೆಯೇ ಆ ಹೆಸರಿನಲ್ಲಿ ಯಂತ್ರವನ್ನು ತೆರೆಯಬಹುದು. ಅದೇ ಆವೃತ್ತಿಯ, ಅದೇ ಪ್ರದೇಶಕ್ಕಾಗಿ ಹೊರಟ ಡಿಸ್ಕ್ ಸಿಕ್ಕರೆ, ಡಿಸ್ಕಿಗೆ ಬೇರೆ ಪರವಾನಗಿ ಬೇಕಿಲ್ಲವಾದ್ದರಿಂದ, ನಿಂತಲ್ಲಿಂದಲೇ ಮುಂದುವರಿಯಬಹುದು. ಹಳೆಯ ಡಿಸ್ಕ್ ಹುಡುಕಲು ಬೆಂಗಳೂರಿನ ಬಸ್ಸು ಹತ್ತಬೇಕಾದರೂ ಪರವಾಗಿಲ್ಲ, ದಾರಿಯಂತೂ ಇರುತ್ತದೆ. ಆ ದಾರಿಯನ್ನು ಒಂದೇ ಗುಂಡಿಯಲ್ಲಿ ಮುಚ್ಚಿಬಿಡುವುದು ಈ 'ಬೇರೆ ಐಡಿ ಹಾಕಿಕೊಡುತ್ತೇನೆ' ಎಂಬ ಉಪಕಾರ. ಆದ್ದರಿಂದ ಬೀಗ ಕಂಡ ದಿನ ಯಂತ್ರವನ್ನು ಯಾರ ಕೈಗೂ ಕೊಡಬೇಡಿ. ಬಳಕೆದಾರನನ್ನು ಅಳಿಸಲು ಬಿಡಬೇಡಿ. 'ಇನಿಶಿಯಲೈಜ್', ಅಂದರೆ ಯಂತ್ರದಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿಸು, ಎಂಬ ಸಲಹೆಗಂತೂ ಕಿವಿಗೊಡಲೇಬೇಡಿ.

ಹಣ ವಾಪಸು ಕೇಳಿದಾಗ ಮೊದಲು ಫುಟ್‌ಬಾಲ್ ಆಟವೊಂದನ್ನು ಪುಕ್ಕಟೆ ಹಾಕಿಕೊಡುವುದಾಗಿ ಹೇಳಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗ ಇದೇ ಊರಿನಲ್ಲಿದೆ ಎಂದಾಗ ನಾಲ್ಕು ನೂರು ಮರಳಿಸಿದರು. ಉಳಿದ ಮುನ್ನೂರು? "ಅಷ್ಟು ದಿನ ಆಡಿದ್ದೀರಲ್ಲ ಅಣ್ಣಾ." ಬಾಡಿಗೆ ಹಿಡಿದುಕೊಂಡರು! ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಆದರೆ ಇಂಥ ವ್ಯಾಪಾರದಲ್ಲಿ ರಸೀದಿ ಇರುವುದಿಲ್ಲ. ಐಡಿ ಮಾರುವುದು, ಹಂಚುವುದು ಪ್ಲೇಸ್ಟೇಷನ್ ತಯಾರಿಸುವ ಸೋನಿಯ ನಿಯಮಗಳಿಗೆ ವಿರುದ್ಧ, ಹಾಗಾಗಿ ಕಂಪನಿಯ ಕಡೆಯಿಂದಲೂ ನೆರವು ನಿರೀಕ್ಷಿಸುವಂತಿಲ್ಲ.

ಇನ್ನೊಂದು ಮೋಸ ನಿಧಾನವಾಗಿ ಬೆಳಕಿಗೆ ಬಂತು. ಸೋದರಮಾವನ ಮಗ ಹೊಗಳುತ್ತಿದ್ದ ಆಟಕ್ಕೂ ನಾನು ಆಡಿದ್ದಕ್ಕೂ ಅಲ್ಲಲ್ಲಿ ತಾಳೆಯಾಗುತ್ತಿರಲಿಲ್ಲ. ಅವನು ಹೇಳಿದ ವಾದ್ಯವೃಂದದ ಸಂಗೀತ ನನ್ನದರಲ್ಲಿ ಇರಲಿಲ್ಲ, ಒಬ್ಬೊಬ್ಬ ಜೊತೆಗಾರನದೂ ಆದ ಬಿಡಿ ಕಥೆಗಳೂ ಇರಲಿಲ್ಲ. ಅವನು ಆಡಿದ್ದು 2020ರ ಡಿಸೆಂಬರ್‌ನಲ್ಲಿ ಪಿಎಸ್4ಗೆ ಬಂದ 'ಎಸ್' ಆವೃತ್ತಿ. ಅಂಗಡಿಯವರು ನನಗೆ ಹಾಕಿದ್ದು 2018ರ ಮೂಲ ಆವೃತ್ತಿ. ಎರಡರ ಹೆಸರಿನಲ್ಲಿರುವ ವ್ಯತ್ಯಾಸ ಒಂದಕ್ಷರ, ಬಾಲದಲ್ಲಿ ಒಂದಿಷ್ಟು ಸಣ್ಣಕ್ಷರ. ಹಳೆಯದರ ಸೇವ್ ಹೊಸದರಲ್ಲಿ ನಡೆಯುವುದಿಲ್ಲ. ಹಳೆಯದರಲ್ಲಿ ಚಿತ್ರಗಳು ಹೆಚ್ಚು ಚೊಕ್ಕ ಎನ್ನುವವರೂ ಇದ್ದಾರೆ, ಅದೂ ಸುಳ್ಳಲ್ಲ. ಎಸ್ ಆವೃತ್ತಿ ಮೂಲತಃ ನಿಂಟೆಂಡೊ ಸ್ವಿಚ್ ಎಂಬ ಬೇರೆ ಆಟದ ಯಂತ್ರಕ್ಕಾಗಿ ಹದ ಮಾಡಿದ್ದು. ಆದರೆ ಆಯ್ಕೆ ನಿಮ್ಮದಾಗಬೇಕು, ಅಂಗಡಿಯ ಐಡಿಯಲ್ಲಿ ಬಿದ್ದಿರುವುದೇ ನಿಮ್ಮ ಆಯ್ಕೆಯಾಗಬಾರದು. ಯಾರಾದರೂ ಈ ಆಟವನ್ನು ಹೊಗಳಿದರೆ, ತೆಗಳಿದರೆ, ಮೊದಲು ಯಾವ ಆವೃತ್ತಿ ಎಂದು ಕೇಳಿ. ಸಂಗೀತದ ಬಗ್ಗೆ ಜಗಳವಾಡುತ್ತಿದ್ದ ನಮ್ಮವರಲ್ಲಿ ಅರ್ಧ ಜನ ಬೇರೆ ಬೇರೆ ಆಟ ಆಡಿದ್ದವರು. ಜಪಾನಿನ ಇನ್ನೊಂದು ಕಥೆಯಾಟವಾದ ಪರ್ಸೋನಾ 5 ಮತ್ತು ಅದರ ನಂತರದ ಆವೃತ್ತಿ ಪರ್ಸೋನಾ 5 ರಾಯಲ್ ನಡುವೆಯೂ ಇದೇ ಕಥೆ: ಮೂಲ ಆಟದ ಸೇವ್ ರಾಯಲ್‌ನಲ್ಲಿ ಮುಂದುವರಿಯುವುದಿಲ್ಲ, ರಾಯಲ್‌ನಲ್ಲಿ ಮಾತ್ರ ಇರುವ ಕೊನೆಯ ಭಾಗಕ್ಕಾಗಿ ಮೊದಲಿನಿಂದ ಆಡಬೇಕು. ಸಾಲದ್ದಕ್ಕೆ ರಾಯಲ್‌ನ ಪಿಎಸ್4 ಸೇವ್ ಅದರದೇ ಪಿಎಸ್5 ಆವೃತ್ತಿಗೂ ಹೋಗುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಆಡುವುದು ಹೇಗೆ? ಎಸ್ ಆವೃತ್ತಿಗೆ ಪುಕ್ಕಟೆ ಡೆಮೊ ಇದೆ. ಸುಮಾರು ಹತ್ತು ಗಂಟೆಯಷ್ಟು ಆಡಲು ಕೊಡುತ್ತದೆ, ಆಟವನ್ನು ಕೊಂಡರೆ ಅದರ ಸೇವ್ ಮುಂದುವರಿಯುತ್ತದೆ. ಆ ಮೊದಲ ಹತ್ತು ಗಂಟೆಯ ವಾದ ನಿಮ್ಮ ಪಾಲಿಗೆ ಅಲ್ಲೇ ಇತ್ಯರ್ಥವಾಗುತ್ತದೆ. ಹಿಡಿಸಿದರೆ ರಿಯಾಯಿತಿ ಬರುವವರೆಗೆ ಕಾದು ನಿಮ್ಮದೇ ಐಡಿಯಲ್ಲಿ ಕೊಳ್ಳಿ, ಇಲ್ಲವೇ ಹಳೆಯ ಡಿಸ್ಕ್ ಹಿಡಿಯಿರಿ. ಡಿಸ್ಕಾದರೆ ಆಡಿ ಮುಗಿಸಿ ಮಾರಲೂಬಹುದು. ಡಿಸ್ಕ್ ಕೊಳ್ಳುವಾಗ ಡಬ್ಬಿಯ ಬೆನ್ನಿನ ಮೇಲಿರುವ ಆಟದ ಸಂಖ್ಯೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಇನ್ನೊಂದು ಡಿಸ್ಕ್ ಹುಡುಕಬೇಕಾಗಿ ಬಂದರೆ ಸೇವ್ ಹೊಂದುತ್ತದೆಯೋ ಇಲ್ಲವೋ ಎಂಬುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.

ಈಗಾಗಲೇ ಅಂಗಡಿಯ ಐಡಿಯಲ್ಲಿ ಆಡುತ್ತಿರುವವರು ಯಂತ್ರ ಆನ್ ಮಾಡಿದಾಗ ಯಾರ ಹೆಸರಿನಲ್ಲಿ ಒಳಹೋಗುತ್ತಿದ್ದೀರಿ ಎಂದು ನೋಡಿಕೊಳ್ಳಿ. ಸ್ವಂತ ಹೆಸರಾದರೆ ಆಟ ಹೋದರೂ ಸೇವ್ ನಿಮ್ಮದೇ. ಅಂಗಡಿಯವರ ಹೆಸರಾದರೆ, ಗಂಟೆಗಳು ಹೆಚ್ಚುವ ಮೊದಲೇ ಆಟವನ್ನೋ ಡಿಸ್ಕನ್ನೋ ನೀವೇ ಕೊಂಡು ಸ್ವಂತ ಐಡಿಯಲ್ಲಿ ಹೊಸದಾಗಿ ಶುರು ಮಾಡುವುದು ಲೇಸು. ಪಿಎಸ್5ನವರು ಇನ್ನೂ ಎಚ್ಚರದಿಂದಿರಿ. ಪಿಎಸ್5 ಆಟಗಳ ಸೇವ್ ಒಂದನ್ನೇ ಬಿಡಿಯಾಗಿ ಪೆನ್‌ಡ್ರೈವಿಗೆ ಪ್ರತಿ ಮಾಡಲಾಗುವುದಿಲ್ಲ. ಪ್ಲೇಸ್ಟೇಷನ್ ಪ್ಲಸ್ ಚಂದಾದಾರರಿಗೆ ಆನ್‌ಲೈನ್ ಸಂಗ್ರಹ ಇದೆ, ಅದೂ ಐಡಿಗೆ ಕಟ್ಟುಬಿದ್ದದ್ದು. ಒಂದೇ ಐಡಿಯನ್ನು ನಾಲ್ಕು ಜನ ಬಳಸುತ್ತಿದ್ದರೆ ಅಲ್ಲಿರುವ ನಿಮ್ಮ ಸೇವ್ ಮೇಲೆ ಇನ್ನೊಬ್ಬರದು ಬಂದು ಕೂರಬಹುದು.